ಬಾಗಿಲ ಹೊರಗೆ ಅಧ್ಯಕ್ಷರು

ಸಿದ್ದರಾಮಪ್ಪ ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನ ಔಷಧಿ ಕಾರ್ಖಾನೆಯಲ್ಲಿ ಯಂತ್ರಗಳ ನಿರ್ವಹಣೆ ನೋಡಿಕೊಳ್ಳುವ ಎಂಜಿನಿಯರು. ಹುಟ್ಟೂರು ಬೈಲಹೊಂಗಲ. ಮಕ್ಕಳಿರಲಿಲ್ಲ. ಹೆಂಡತಿ ಪ್ರಭಾವತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಸಂಜೆ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಕಾರ್ಖಾನೆಯ ಗೇಟಿನಲ್ಲಿ ‘ಮಾರ್ನಿಂಗ್’ ಅನ್ನುವವರೆಗೆ ಗಂಟಲಿಗೆ ಕೆಲಸವಿಲ್ಲ. ಹತ್ತಿರದ ಶಾಲೆಯ ಆಡಳಿತ ಮಂಡಳಿಗೆ ಜನ ಬೇಕಂತೆ ಎಂದು ಯಾರೋ ಹೇಳಿದಾಗ ಅವರು ಒಪ್ಪಿಕೊಂಡದ್ದು ಶಿಕ್ಷಣದ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಇದಕ್ಕೇ. ಕೆಲವು ವರ್ಷಗಳಲ್ಲಿ ಅಧ್ಯಕ್ಷರೂ ಆದರು. ಬೇರೆ ಯಾರೂ ಮುಂದೆ ಬಂದಿರಲಿಲ್ಲ.

ಅದು ಅಕಾಡೆಮಿ ಶಾಲೆ. ಖರ್ಚು ಸರ್ಕಾರದ್ದು, ಕಾರುಬಾರು ಮಾತ್ರ ಮಂಡಳಿಯದು. ಹಿಂದಿನ ಮಂಡಳಿ ಆಟದ ಮೈದಾನದ ಅರ್ಧವನ್ನು ಯಾರಿಗೂ ಹೇಳದೆ ಮನೆ ಕಟ್ಟುವವರಿಗೆ ಬಿಟ್ಟುಕೊಟ್ಟಿದ್ದರಿಂದ ಊರಲ್ಲಿ ದೊಡ್ಡ ರಂಪವಾಗಿತ್ತು. ಅದಕ್ಕೇ ಹೊಸ ನಿಯಮಗಳು ಬಂದವು. ಸಭೆಗೆ ಯಾರು ಬೇಕಾದರೂ ಬಂದು ಕೂರಬಹುದು. ಮತವನ್ನು ಎಲ್ಲರೆದುರು ಕೈ ಎತ್ತಿಯೇ ಹಾಕಬೇಕು. ಚರ್ಚೆಗೆ ಬರುವ ವಿಷಯವನ್ನು ಪ್ರಕಟವಾಗುವ ಮೊದಲು ಹೊರಗೆ ಆಡಬಾರದು. ತಮ್ಮವರ ವಿಷಯ ಬಂದರೆ ಸದಸ್ಯರು ಮತಕ್ಕೆ ಮೊದಲು ಅದನ್ನು ಎದ್ದು ಹೇಳಿ ಹೊರಗೆ ಹೋಗಬೇಕು. ಇವನ್ನು ರೂಪಿಸಿದವರಲ್ಲಿ ಸಿದ್ದರಾಮಪ್ಪನವರೂ ಒಬ್ಬರು.

ಅವರಿಗೆ ಊರಲ್ಲಿದ್ದ ಆಪ್ತರೆಂದರೆ ಒಂದೇ ಸಂಸಾರ. ಜಯಪ್ರಕಾಶ ಅದೇ ಕಾರ್ಖಾನೆಯ ಲ್ಯಾಬಿನವನು, ಬೆಂಗಳೂರಿನ ಹುಡುಗ. ಅವನ ಹೆಂಡತಿ ಜಲಜಾ ಮ್ಯಾಂಚೆಸ್ಟರಿನ ಯುಗಾದಿ ಕೂಟದಲ್ಲಿ ಸಿಕ್ಕಿ, “ಒಬ್ರೇ ಇದ್ದೀರಲ್ಲ ಅಣ್ಣಾ, ಭಾನುವಾರ ಊಟಕ್ಕೆ ಬಂದುಬಿಡಿ” ಅಂದಿದ್ದಳು. ಅಂದಿನಿಂದ ಭಾನುವಾರ ತಪ್ಪಲಿಲ್ಲ. ಅವರ ಮಗಳು ಅನ್ವಿತಾಳಿಗೆ ಗದ್ದಲ ಆಗದು. ಜೋರು ಸದ್ದಾದರೆ ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರುತ್ತಿದ್ದಳು. ಶಾಲೆಯಲ್ಲಿ ಅಂಥ ಮಕ್ಕಳಿಗೆಂದೇ ಒಂದು ಚಿಕ್ಕ ಕೋಣೆಯಿತ್ತು, ಅದಕ್ಕೊಬ್ಬ ಟೀಚರ್ ಇದ್ದರು. ಅಲ್ಲಿಗೆ ಸೇರಿದ ಮೇಲೆ ಹುಡುಗಿ ನಿಧಾನವಾಗಿ ಮಾತು ಕಲಿತಿದ್ದಳು. ಸಿದ್ದರಾಮಪ್ಪ ಬಾಗಿಲು ತಟ್ಟದೆ ಹೊರಗೇ ನಿಂತು ಮೆಲ್ಲಗೆ ಕರೆದರೆ, “ಮಾಮಾ ಈಸ್ ಹಿಯರ್!” ಎಂದು ಓಡಿ ಬರುತ್ತಿದ್ದಳು.

ಫೆಬ್ರವರಿಯಲ್ಲಿ ಹೆಡ್‌ಟೀಚರ್ ಸಿದ್ದರಾಮಪ್ಪನವರನ್ನು ಕರೆಸಿದರು. ಚಿಕ್ಕ ಕೋಣೆಯ ಟೀಚರ್ ಕೆಲಸ ಬಿಡುತ್ತಿದ್ದಾರೆ, ಎಷ್ಟು ಹುಡುಕಿದರೂ ಬದಲಿ ಸಿಗುತ್ತಿಲ್ಲ, ಕೋಣೆ ಮುಚ್ಚುವ ಪ್ರಸ್ತಾಪವನ್ನು ಮುಂದಿನ ಸಭೆಗೆ ತರಬೇಕಾಗಿದೆ ಎಂದರು. ವಿಷಯ ಪ್ರಕಟವಾಗುವುದು ಮುಂದಿನ ವಾರ. ಅಲ್ಲಿಯವರೆಗೆ ಯಾರಿಗೂ ಹೇಳುವಂತಿಲ್ಲ.

ಆ ಭಾನುವಾರ ಜಲಜಾ ಹೋಳಿಗೆ ಮಾಡಿದ್ದಳು.

“ಏನು ವಿಶೇಷ?”

“ಮನೆ ಸಿಕ್ತು ಅಣ್ಣಾ! ನಿಮ್ಮ ಪಕ್ಕದ ರಸ್ತೇನೇ. ಶಾಲೆಗೆ ನಡೆದೇ ಹೋಗಬಹುದು. ನಾಳೆ ಸಹಿ ಹಾಕ್ತೀವಿ.”

“ಅವಳ ಕೋಣೆ ಇಲ್ಲಿರೋವಾಗ ಇನ್ನೆಲ್ಲಿಗೆ ಹೋಗೋದು ಹೇಳಿ,” ಅಂದ ಜಯಪ್ರಕಾಶ. “ಸಾಲ್ಫರ್ಡಲ್ಲಿ ನಂಗೆ ಬಂದಿದ್ದ ಕೆಲಸ ಬೇಡ ಅಂದುಬಿಟ್ಟೆ.”

ಸಿದ್ದರಾಮಪ್ಪನವರ ಬಾಯಲ್ಲಿ ಹೋಳಿಗೆ ಹಾಗೇ ಉಳಿಯಿತು. ಸ್ವಲ್ಪ ತಡೀರಿ ಎಂಬ ಎರಡೇ ಮಾತು ಸಾಕಿತ್ತು. ಅವರು ನೀರು ಕುಡಿದು, “ಚಲೋ ಆತು,” ಅಂದರು. ಎಲ್ಲರೊಡನೆ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದ ಅವರಿಗೆ ತಮ್ಮ ಊರಿನ ಮಾತು ಬಾಯಿಗೆ ಬಂದದ್ದು ಮನೆ ಸೇರಿದ ಮೇಲಷ್ಟೇ ಗಮನಕ್ಕೆ ಬಂತು.

ಸಭೆಯ ದಿನ ಶಾಲೆಯ ಊಟದ ಹಾಲ್ ತುಂಬಿತ್ತು. ತಂದೆತಾಯಿಯರು ಒಬ್ಬೊಬ್ಬರಾಗಿ ಮಾತಾಡಿದರು. ಜಲಜಾ ಕೊನೆಗೆ ಎದ್ದಳು. ಇಂಗ್ಲಿಷಿನಲ್ಲಿ ಎಲ್ಲರಂತೆ ಅಧ್ಯಕ್ಷರನ್ನು ‘ಚೇರ್’ ಎಂದು ಕರೆದೇ ಶುರು ಮಾಡಿದಳು. ಮಗಳು ಆ ಕೋಣೆಯಲ್ಲಿ ಮೊದಲ ಬಾರಿ ಬೇರೆ ಮಗುವಿನ ಹೆಸರು ಹೇಳಿದ ದಿನವನ್ನು ವಿವರಿಸಿದಳು.

ಮತದ ಹೊತ್ತು ಬಂತು. ಮಂಡಳಿಯಲ್ಲಿ ಯಾರಿಗೂ ಸಿದ್ದರಾಮಪ್ಪನವರ ಭಾನುವಾರದ ಊಟ ಗೊತ್ತಿರಲಿಲ್ಲ. ಸುಮ್ಮನೆ ಕೂತಿದ್ದರೆ ಕೇಳುವವರಿರಲಿಲ್ಲ. ಸಿದ್ದರಾಮಪ್ಪ ಎದ್ದು ನಿಂತು, ಈ ಮಕ್ಕಳಲ್ಲಿ ಒಬ್ಬಳ ಮನೆಯವರು ತನಗೆ ಸ್ವಂತದವರಿದ್ದಂತೆ, ಹಾಗಾಗಿ ತಾನು ಮತ ಹಾಕುವಂತಿಲ್ಲ ಎಂದು ಹೇಳಿ, ಉಪಾಧ್ಯಕ್ಷೆಗೆ ಕುರ್ಚಿ ಬಿಟ್ಟು ನಡೆದರು. ಅಷ್ಟು ಜನರ ನಡುವೆ ಬಾಗಿಲು ಬಹಳ ದೂರವಿದೆ ಅನ್ನಿಸಿತು.

ಕೋಣೆ ಮುಚ್ಚುವ ತೀರ್ಮಾನ ಒಂದೇ ಮತದಿಂದ ಗೆದ್ದಿತು. ಅವರು ಒಳಗಿದ್ದು ಬೇಡವೆಂದು ಕೈ ಎತ್ತಿದ್ದರೆ ಮತ ಸಮವಾಗುತ್ತಿತ್ತು. ಸಮವಾದರೆ ಅಧ್ಯಕ್ಷರು ಹೇಳಿದ್ದೇ ಕೊನೆ.

ಜಲಜಾ ಅವರನ್ನು ಕಾರಿಡಾರಿನಲ್ಲಿ ಹಿಡಿದಳು.

“ನಿಮಗೆ ಮೊದಲೇ ಗೊತ್ತಿತ್ತಾ? ಹೋಳಿಗೆ ತಿಂದ್ರಲ್ಲ, ಅವತ್ತೇ?”

“ಗೊತ್ತಿತ್ತಮ್ಮಾ.”

“ನಾವು ಸಹಿ ಹಾಕ್ತೀವಿ ಅಂದಾಗ್ಲೂ ಬಾಯಿ ಬಿಡಲಿಲ್ಲ. ಇವತ್ತು ಕೈ ಎತ್ತೋ ಹೊತ್ತಿಗೆ ಎದ್ದು ಹೋದ್ರಿ. ಒಳಗೆ ಕೂತವರಲ್ಲಿ ನನ್ನ ಮಗಳನ್ನ ಬಲ್ಲವರು ನೀವೊಬ್ಬರೇ ಇದ್ದಿದ್ದು ಸರ್.”

“ನಾನು ಕೈ ಎತ್ತಿ, ಆಮೇಲೆ ನಮ್ಮ ನಂಟು ಗೊತ್ತಾಗಿದ್ರೆ ತೀರ್ಮಾನಾನೇ ಬಿದ್ದುಹೋಗ್ತಿತ್ತು ಜಲಜಾ. ನಿಯಮ—”

“ನಿಯಮ ನೀವೇ ಮಾಡಿದ್ದು. ಸರಿ. ಅದನ್ನೇ ಇಟ್ಕೊಳ್ಳಿ.”

ಜಯಪ್ರಕಾಶ ಹೆಂಡತಿಯ ಕೋಟು ಹಿಡಿದುಕೊಂಡು ನಿಂತಿದ್ದ.

ಭಾನುವಾರಗಳು ನಿಂತವು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜಯಪ್ರಕಾಶ ಸಿಕ್ಕರೆ ತಲೆಯಾಡಿಸುತ್ತಿದ್ದ, ಅಷ್ಟೆ. ಅವರು ಹೊಸ ಮನೆಗೆ ಬಂದರು. ಅನ್ವಿತಾಳನ್ನು ಸ್ಟಾಕ್‌ಪೋರ್ಟಿನಲ್ಲಿ ಅಂಥದೇ ಕೋಣೆಯಿದ್ದ ಶಾಲೆಯೊಂದಕ್ಕೆ ಕರೆದೊಯ್ಯಲು ದಿನಾ ಬೆಳಿಗ್ಗೆ ಸ್ಥಳೀಯ ಆಡಳಿತವಾದ ಕೌನ್ಸಿಲ್ಲಿನ ಟ್ಯಾಕ್ಸಿ ಬರುತ್ತಿತ್ತು. ಸಿದ್ದರಾಮಪ್ಪ ಕೆಲಸಕ್ಕೆ ಹೋಗುವ ದಾರಿ ಬದಲಿಸಿದರು. ಮಾಡಿದ್ದು ತಪ್ಪೆಂದು ಅವರಿಗೆ ಅನ್ನಿಸಲಿಲ್ಲ. ಅದರಿಂದ ಸಮಾಧಾನವೂ ಆಗಲಿಲ್ಲ. ರಾಜೀನಾಮೆ ಕೊಡೋಣವೆಂದು ಎಷ್ಟೋ ಸಲ ಯೋಚಿಸಿದರು. ಆದರೆ ಟೀಚರ್ ಹುಡುಕುವುದನ್ನು ಮಾತ್ರ ಬಿಡಲಿಲ್ಲ. ಲೀಡ್ಸ್, ಬರ್ಮಿಂಗ್‌ಹ್ಯಾಮ್ ಎಂದು ತಾವೇ ಕಾಲೇಜುಗಳಿಗೆ ಫೋನ್ ಮಾಡಿದರು, ರಜೆ ಹಾಕಿ ಹೋಗಿ ಬಂದರು.

ಮುಂದಿನ ವರ್ಷ ಒಬ್ಬರು ಸಿಕ್ಕರು. ಕೋಣೆ ಮತ್ತೆ ತೆರೆಯುವ ಪ್ರಸ್ತಾಪ ಸಭೆಗೆ ಬಂತು. ಯಾರಿಗಾದರೂ ಇದರಲ್ಲಿ ತಮ್ಮವರಿದ್ದಾರೆಯೇ ಎಂದು ಅಧ್ಯಕ್ಷರಾಗಿ ಅವರೇ ಕೇಳಬೇಕಿತ್ತು. ಕೇಳಿದರು. ಈ ಸಲ ಎದ್ದು ಹೇಳಲು ಅವರಿಗೇನೂ ಇರಲಿಲ್ಲ. ಕೂತಲ್ಲೇ ಕೈ ಎತ್ತಿದರು.

ಆ ಶನಿವಾರ ಅವರು ಧೈರ್ಯ ಮಾಡಿ ಪಕ್ಕದ ರಸ್ತೆಗೆ ಹೋದರು. ಜಲಜಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಸುದ್ದಿ ಹೇಳಿದರು.

“ಕೇಳಿದೆ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಅವಳು ಅಲ್ಲೇ ಹೊಂದಿಕೊಂಡಿದ್ದಾಳೆ. ಮತ್ತೆ ಕೀಳೋದು ಬೇಡ ಅಂತ. ಬೇರೆ ಮಕ್ಕಳಿಗೆ ಆಗುತ್ತಲ್ಲ, ಒಳ್ಳೇದಾಯ್ತು.”

“ಹೌದು. ಬೇರೆಯವರಿಗೆ ಆಗ್ತದ.”

ಒಳಗಿಂದ ಅನ್ವಿತಾ ಏನೋ ಹಾಡಿಕೊಳ್ಳುವುದು ಕೇಳುತ್ತಿತ್ತು. ಜಲಜಾ ಕೊನೆಯ ಬಟ್ಟೆಗೆ ಕ್ಲಿಪ್ ಹಾಕಿ, ಬುಟ್ಟಿ ಎತ್ತಿಕೊಂಡು, “ಒಂದಿನ ಮನೆಗೆ ಬನ್ನಿ,” ಅಂದಳು.

“ಬರ್ತೀನಮ್ಮಾ,” ಅಂದರು ಸಿದ್ದರಾಮಪ್ಪ. ಯಾವ ದಿನ ಎಂದು ಅವಳು ಹೇಳಲಿಲ್ಲ, ಅವರೂ ಕೇಳಲಿಲ್ಲ.