ಲುಂಬಿನಿಯ ಕೈಗುಣ

ಶಹಾಬಾದದ ಬೇಸಿಗೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿದರೆ ನಂಬುವುದಿಲ್ಲ. ನೆಲವೂ ಕಲ್ಲು, ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು. ಬೆಳಿಗ್ಗೆಯಿಂದ ಕುಡಿದ ಬಿಸಿಲನ್ನು ಅವು ಮಧ್ಯಾಹ್ನವಾಗುತ್ತಲೇ ಒಳಗೆ ಕೂತವರ ಮೇಲೆ ಉಗುಳತೊಡಗುತ್ತವೆ. ಅಂಥದೊಂದು ಮಾಳಿಗೆಯ ಕೆಳಗೆ, ಸಿರಾಜುದ್ದೀನನ ಕಲ್ಲು ಪಾಲಿಶ್ ಕಾರ್ಖಾನೆಯ ಗೋಡೆಗೆ ಅಂಟಿಕೊಂಡು, ಪ್ರಹ್ಲಾದರಾಯರ ಮನೆಯ ಮುಂದಿನ ಕೋಣೆಯಲ್ಲಿ ಅವರ ಕಂಪ್ಯೂಟರ್ ಕ್ಲಾಸು ನಡೆಯುತ್ತಿತ್ತು. 2003ನೇ ಇಸವಿಯ ಮಾತು. ನಾಲ್ಕು ಕಂಪ್ಯೂಟರು, ಮಧ್ಯಾಹ್ನದ ಬ್ಯಾಚಿನಲ್ಲಿ ಹನ್ನೊಂದು ವಿದ್ಯಾರ್ಥಿಗಳು, ಕಲಿಸುವವಳು ಲುಂಬಿನಿ.

ಲುಂಬಿನಿ ಸನ್ನತಿಯ ಹುಡುಗಿ. ಡಿಪ್ಲೊಮಾ ಮುಗಿಸಿಕೊಂಡು ವಾಡಿ, ಸೇಡಂ, ಚಿಂಚೋಳಿ ಎಂದು ಬಸ್ಸು ಹತ್ತಿ ಇಳಿದು ಕಂಡ ಕಂಡಲ್ಲಿ ಅರ್ಜಿ ಕೊಟ್ಟಿದ್ದಳು. ಎಲ್ಲರೂ ‘ತಿಳಿಸ್ತೀವಿ’ ಅಂದರು, ಯಾರೂ ತಿಳಿಸಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದ ಪ್ರಹ್ಲಾದರಾಯರೊಬ್ಬರು ಮಾತ್ರ ಅವಳ ಅಂಕಪಟ್ಟಿ ನೋಡಿ, “ನಾಳಿಂದ ಬಾ” ಅಂದಿದ್ದರು. ಯಾರ ಪೈಕಿ, ಯಾವ ಓಣಿ ಎಂದು ಒಂದು ಮಾತು ಕೇಳಲಿಲ್ಲ. ಆ ಒಂದು ಮಾತು ಕೇಳದೇ ಇದ್ದುದಕ್ಕೆ ಲುಂಬಿನಿ ಅವರಿಗೆ ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದಳೋ ಲೆಕ್ಕವಿಲ್ಲ.

ರಾಯರ ಹೆಂಡತಿ ಸೀತಾಬಾಯಿಯವರದು ಇನ್ನೊಂದು ರೀತಿಯ ಅಕ್ಕರೆ. ಪಕ್ಕದ ಕಾರ್ಖಾನೆಯಿಂದ ಕಲ್ಲಿನ ಪುಡಿ ಹಾರಿ ಬಂದು ಅನ್ನದ ತಪ್ಪೇಲಿಯನ್ನೇ ಬಿಡುತ್ತಿರಲಿಲ್ಲ, ಇನ್ನು ಕಂಪ್ಯೂಟರನ್ನು ಬಿಟ್ಟೀತೇ? ಆಕೆ ತಮ್ಮ ಹಳೆಯ ಮಗ್ಗದ ಸೀರೆಯೊಂದನ್ನು ಕತ್ತರಿಸಿ, ನಾಲ್ಕೂ ಕಂಪ್ಯೂಟರ್ ಡಬ್ಬಿಗಳ ಹಿಂಭಾಗಕ್ಕೆ ಎರಡು ಪದರು ಬಟ್ಟೆ ಬಿಗಿದು, ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟುವ ಹಾಗೆ ದಾರ ಸುತ್ತಿ ಗಂಟು ಹಾಕಿದ್ದರು. ವಯರು ಹೊರಬರಲು ಅಲ್ಲಲ್ಲಿ ತೂತು ಬಿಟ್ಟು ಕಾಜ ಹೊಲಿದದ್ದನ್ನು ನೋಡಿದರೆ ದರ್ಜಿಗಳೂ ತಲೆದೂಗಬೇಕು. ಅದನ್ನು ಬಿಚ್ಚುವ ಮಾತು ಯಾರಿಗೂ ಹೊಳೆದಿರಲಿಲ್ಲ. ಹೊಳೆದರೂ ಆಡುವ ಧೈರ್ಯ ಇರಲಿಲ್ಲ.

ಏಪ್ರಿಲಿನಲ್ಲಿ ಪೀಡೆ ಶುರುವಾಯಿತು. ಮಧ್ಯಾಹ್ನ ಎರಡರ ಸುಮಾರಿಗೆ ಒಂದು ಕಂಪ್ಯೂಟರು ಪಟ್ಟನೆ ಆರಿ ಕಪ್ಪಾಗುತ್ತಿತ್ತು. ಹಿಂದೆಯೇ ಇನ್ನೊಂದು. ಕರೆಂಟು ಇರುತ್ತಿತ್ತು, ಯುಪಿಎಸ್ಸಿನ ಬ್ಯಾಟರಿ ತುಂಬಿರುತ್ತಿತ್ತು, ಆದರೂ ಅರ್ಧ ಗಂಟೆ ಏನು ಮಾಡಿದರೂ ಏಳುತ್ತಿರಲಿಲ್ಲ. ಬೆಳಿಗ್ಗೆ ಏಳರ ಬ್ಯಾಚನ್ನು ರಾಯರ ಅಣ್ಣನ ಮಗ ವಿಠ್ಠಲ್ ನೋಡಿಕೊಳ್ಳುತ್ತಿದ್ದ. ಅವನ ಪಾಳಿಯಲ್ಲಿ ಅವು ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಇರುತ್ತಿದ್ದವು.

ಮೇ ಹನ್ನೆರಡಕ್ಕೆ ಪರೀಕ್ಷೆ. ಅದೂ ಮಧ್ಯಾಹ್ನ ಒಂದರಿಂದ ನಾಲ್ಕು. ಇನ್ನು ಹದಿನೈದೇ ದಿನ ಉಳಿದಾಗ ಮೂರನೆಯ ಕಂಪ್ಯೂಟರೂ ಕಪ್ಪಾಯಿತು. ರಾಯರು ಬಾಗಿಲಲ್ಲೇ ನಿಂತಿದ್ದರು.

“ನಾ ಏನೂ ಮಾಡಿಲ್ರಿ ಸರ್,” ಅಂದಳು ಲುಂಬಿನಿ.

“ಮಾಡೀದಿ ಅಂತ ಯಾರಂದ್ರು? ಆದ್ರ ಮುಂಜಾನಿ ನೆಟ್ಟಗಿದ್ದದ್ದು ನೀ ಮುಟ್ಟಿದ್ ಕೂಡ್ಲೆ ನಿಂದರ್ತದ. ನಿನ್ನ ಕೈಗುಣನ ಸರಿ ಇಲ್ಲ ಅಂತ ಕಾಣಸ್ತದ ನೋಡು. ಪರೀಕ್ಷಾಕ್ಕ ವಿಠ್ಠಲ್ ನಿಂದರಲಿ. ನಿಂದು ಆಮ್ಯಾಲ ವಿಚಾರ ಮಾಡೋಣ.”

ಹನ್ನೊಂದು ಜನ ಕೇಳಿಸಿಕೊಂಡರು. ಒಂದಿಬ್ಬರು ಅವಳ ಕೈಗಳನ್ನೇ ನೋಡಿದರು. ರಾಯರು ಕೆಟ್ಟವರಲ್ಲ, ತಲೆಬಿಸಿಯಲ್ಲಿ ಬಾಯಿಗೆ ಬಂದದ್ದು ಅಂದಿದ್ದರು. ಅಂದವರಿಗೇನು, ಅಂದು ಹೋಗುತ್ತಾರೆ. ಲುಂಬಿನಿಯ ಅಜ್ಜಿ ಹಣಮವ್ವನಿಗೆ ಊರಿನ ಜನ ಮಾರುದ್ದ ದೂರದಲ್ಲಿ ನಿಂತು ಬೊಗಸೆಗೆ ನೀರು ಸುರಿಯುತ್ತಿದ್ದರಂತೆ, ಅವಳ ಕೈ ತಾಕಬಾರದೆಂದು. ಅದನ್ನು ಕೇಳಿ ಬೆಳೆದವಳಿಗೆ ‘ನೀ ಮುಟ್ಟಿದ್ ಕೂಡ್ಲೆ’ ಅನ್ನುವ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಈ ಮಾತು ಬೆನ್ನಿಗೆ ಬಿದ್ದರೆ ಯಾವ ಊರಿಗೆ ಹೋದರೂ ಜೊತೆಗೇ ಬರುತ್ತದೆ ಎಂದುಕೊಂಡು ಅವಳು ಅತ್ತಳು.

ರವಿವಾರ ಗುಲ್ಬರ್ಗಾಕ್ಕೆ ಹೋಗಿ ಒಂದು ಸೈಬರ್ ಕೆಫೆಯಲ್ಲಿ ಕೂತಳು. ಕಂಪ್ಯೂಟರು ತಾನೇ ಆರುವುದೇಕೆ ಎಂದು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಟೈಪು ಮಾಡಿ ಹುಡುಕಿದಳು. ಬಹಳ ಜನ ಕೊಟ್ಟ ಉತ್ತರ ಒಂದೇ: ಒಳಗೆ ಕಾವು ಹೆಚ್ಚಾದರೆ ಸುಟ್ಟು ಹೋಗಬಾರದೆಂದು ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಆ ಕಾವನ್ನು ಅಳೆದು ಪರದೆಯ ಮೇಲೆ ತೋರಿಸುವ, ಮಿತಿ ಮೀರಿದರೆ ಕೂಗಿ ಹೇಳುವ ಒಂದು ಪುಟ್ಟ ಸಾಫ್ಟ್‌ವೇರೂ ಸಿಕ್ಕಿತು. ಯಾರೋ ಪುಣ್ಯಾತ್ಮ ಬರೆದು, ಬೇಕಾದವರು ಪುಕ್ಕಟೆ ಒಯ್ಯಿರಿ ಎಂದು ಇಟ್ಟಿದ್ದ. ಒಂದೇ ಫ್ಲಾಪಿಯಲ್ಲಿ ಹಿಡಿಸಿತು. ಪುಕ್ಕಟೆ ಸಿಕ್ಕಿದ್ದರಲ್ಲಿ ವೈರಸ್ಸು ಇದ್ದರೆ ಏನು ಗತಿ ಎಂದು ಬಸ್ಸಿನುದ್ದಕ್ಕೂ ಆ ಫ್ಲಾಪಿಯನ್ನು ಕರ್ಚೀಫಿನಲ್ಲಿ ಸುತ್ತಿ ಹಿಡಿದುಕೊಂಡು ಬಂದಳು.

ಮರುದಿನ ರಾಯರನ್ನು ಕೇಳದೆ ಕಿಟಕಿಯ ಪಕ್ಕದ ಕಂಪ್ಯೂಟರಿಗೆ ಅದನ್ನು ಹಾಕಿದಳು. ಹನ್ನೊಂದು ಗಂಟೆಗೆ ಅರವತ್ತೊಂದು ಡಿಗ್ರಿ. ಹನ್ನೆರಡಕ್ಕೆ ಎಪ್ಪತ್ತು. ಅಂಕಿಯ ಪಕ್ಕದಲ್ಲಿ ಬೆಂಕಿಯ ಒಂದು ಸಣ್ಣ ಚಿತ್ರ ಮೂಡಿತು. ಮಜ್ಜಿಗೆ ತಂದ ಸೀತಾಬಾಯಿ ಅದನ್ನು ಬಗ್ಗಿ ನೋಡಿದರು.

“ಚಲೋ ಆತು, ಮಷಿನಿನ್ಯಾಗೂ ದೀಪ ಹಚ್ಚೀದಿ,” ಎಂದು ಎರಡೂ ಕೈ ಜೋಡಿಸಿ ಹೋದರು.

ಲುಂಬಿನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಜ್ಜಿಗೆ ಕುಡಿದು ಧೈರ್ಯ ತಂದುಕೊಂಡು ರಾಯರ ಬಳಿ ಹೋದಳು.

“ಸರ್, ನೀವ ಬಂದು ಕುಂದ್ರಿ. ಇವತ್ತ ಕಂಪ್ಯೂಟರಿಗೆ ನಾ ಕೈ ಹಚ್ಚಂಗಿಲ್ಲ. ನಿಮ್ಮನ್ನ ಬಿಟ್ಟು ಯಾರೂ ಹಚ್ಚೋದು ಬ್ಯಾಡ. ಬರೇ ನೋಡ್ರಿ.”

ರಾಯರು ಸಿಡುಕಿನಿಂದಲೇ ಬಂದರು. ಒಂದೂವರೆಗೆ ತಾವೇ ಅದನ್ನು ಆರಿಸಿ, ಮತ್ತೆ ತಾವೇ ಗುಂಡಿ ಒತ್ತಿ ಚಾಲು ಮಾಡಿ, ಕುರ್ಚಿ ಎಳೆದುಕೊಂಡು ಕೂತರು. ಲುಂಬಿನಿ ಎದುರಿನ ಗೋಡೆಗೆ ಒರಗಿ ಕೈಕಟ್ಟಿ ನಿಂತಳು. ಎಪ್ಪತ್ತೆರಡು. ಎಪ್ಪತ್ತೈದು. ಎರಡಕ್ಕೆ ಎಂಬತ್ತು, ಕುಂಯ್ ಕುಂಯ್ ಎಂದು ಕೂಗು ಶುರುವಾಯಿತು. ಎಂಬತ್ತಾರು ತೋರಿಸಿದ್ದೇ ತಡ, ಪರದೆ ಕಪ್ಪಾಯಿತು. ರಾಯರು ಪರದೆಯನ್ನು ನೋಡಿದರು, ಆರು ಅಡಿ ದೂರದಲ್ಲಿ ನಿಂತ ಲುಂಬಿನಿಯನ್ನು ನೋಡಿದರು, ಆಮೇಲೆ ನೆಲ ನೋಡಿದರು.

ಕೂಗು ಕೇಳಿ ಪಕ್ಕದಿಂದ ಸಿರಾಜುದ್ದೀನ ಬಂದ. ಕಾವಿನ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ, ದಿನವಿಡೀ ಕಲ್ಲು ಕೊಯ್ಯುವವನು. ಡಬ್ಬಿಯ ಹಿಂದೆ ಅಂಗೈ ಹಿಡಿದು ನೋಡಿ ತಲೆ ಅಲ್ಲಾಡಿಸಿದ.

“ರಾಯರ, ನಮ್ಮ ಬ್ಲೇಡಿಗೆ ಐದು ಮಿನಿಟ್ ನೀರು ನಿಂತ್ರ ಕೆಂಪಗ ಆಗಿ ಹೋಗ್ತದ. ನಿಮ್ಮ ಮಷಿನಿಗಿ ಗಾಳಿನೇ ನೀರು. ಬಿಸಿ ಹೊರಗ ಬರೋ ಬಾಯಿಗೇ ಬಟ್ಟಿ ಕಟ್ಟೀರಿ. ಈ ಬಟ್ಟಿ ನೋಡ್ರಿ, ನಮ್ಮ ಪುಡಿ ಕುಂತು ಕುಂತು ರೊಟ್ಟಿ ಆಗ್ಯದ. ಈ ಬೇಟೀದೇನು ತಪ್ಪದ?”

ಹೌದು, ಬಟ್ಟೆ. ಆದರೆ ಅದನ್ನು ಸೀತಾಬಾಯಿಗೆ ಹೇಳುವವರು ಯಾರು? ಹೈಸ್ಕೂಲನ್ನೇ ನಡುಗಿಸಿದ ರಾಯರು ಕನ್ನಡಕ ಒರೆಸತೊಡಗಿದರು. ಸಿರಾಜುದ್ದೀನ ಮಾಳಿಗೆಯ ತೊಲೆ ಎಣಿಸತೊಡಗಿದ. ಕಡೆಗೆ ಲುಂಬಿನಿಯೇ ಒಳಗೆ ಹೋಗಿ, “ಅಮ್ಮಾರೆ, ಸಿಟ್ಟಿಗೇಳಬ್ಯಾಡ್ರಿ,” ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು. ಆ ದೀಪ ದೀಪವಲ್ಲ, ಬೆಂಕಿ ಎಂಬುದನ್ನೂ ಹೇಳಿದಳು.

ಸೀತಾಬಾಯಿ ಸಿಟ್ಟಿಗೇಳಲಿಲ್ಲ. ಕತ್ತರಿ ಹಿಡಿದು ಬಂದು ತಾವೇ ಹಾಕಿದ ಗಂಟುಗಳನ್ನು ತಾವೇ ಕತ್ತರಿಸಿದರು.

“ಭರಣಿಗೆ ಗಾಳಿ ತಾಕಿದ್ರ ಕೆಡ್ತದ, ಇದಕ್ಕ ತಾಕಲಿಲ್ಲಂದ್ರ ಕೆಡ್ತದ. ನಂಗೇನು ಗೊತ್ತವಾ? ನಾ ಮಾಡಿದ ತಪ್ಪಿಗೆ ನೀ ಮಾತು ಕೇಳಿದಿ,” ಎಂದು ಲುಂಬಿನಿಯ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಒಳಗಿನ ಫ್ಯಾನುಗಳಿಂದ ಚೊಂಬು ತುಂಬ ಪುಡಿ ಹೊರಬಂತು. ಡಬ್ಬಿಗಳನ್ನು ಕಿಟಕಿಯಿಂದ ದೂರ ಸರಿಸಿ, ನಾಲ್ಕಕ್ಕೂ ಆ ಸಾಫ್ಟ್‌ವೇರು ಹಾಕಿದರು. ಪರೀಕ್ಷೆಯ ದಿನ ಸಿರಾಜುದ್ದೀನ ತನ್ನ ಯಂತ್ರ ನಿಲ್ಲಿಸಿ, ಅಂಗಳಕ್ಕೆಲ್ಲ ನೀರು ಹೊಡೆಸಿದ. ಮೇಲ್ವಿಚಾರಣೆಗೆ ನಿಂತವಳು ಲುಂಬಿನಿಯೇ. ಹನ್ನೊಂದು ಜನ ಪಾಳಿಯ ಮೇಲೆ ಕೂತು ಬರೆದರು. ನಾಲ್ಕೂ ಪರದೆಗಳ ಮೂಲೆಯಲ್ಲಿ ಅಂಕಿ ಅರವತ್ತಮೂರು ದಾಟಲಿಲ್ಲ. ನಾಲ್ಕು ಗಂಟೆಗೆ ಕಡೆಯವನು ಎದ್ದಾಗ ಅವಳು ಯಾರಿಗೆ ಎಂದು ಗೊತ್ತಿಲ್ಲದೆ ಕಣ್ಣುಮುಚ್ಚಿ ಕೈಮುಗಿದಳು.

ಯಾರಿಗೆ ಎಂಬುದನ್ನು ಅಂದು ಸಂಜೆಯೇ ಹುಡುಕಿದಳು. ಸಾಫ್ಟ್‌ವೇರಿನ ಮಾಹಿತಿಯ ಪುಟ ತೆರೆದರೆ ಅದನ್ನು ಬರೆದವನ ಹೆಸರು, ಯಾವುದೋ ತಣ್ಣನೆಯ ದೇಶದ ವಿಳಾಸ, ಕೆಳಗೆ ಒಂದು ಸಾಲು: ನಿಮಗಿದು ಉಪಯೋಗವಾಗಿದ್ದರೆ ಒಂದು ಕಾರ್ಡು ಬರೆಯಿರಿ, ಅಷ್ಟೇ ಸಾಕು. ಅವನಿಗೆ ಶಹಾಬಾದ ಗೊತ್ತಿಲ್ಲ, ಲುಂಬಿನಿ ಗೊತ್ತಿಲ್ಲ, ಅವಳ ಅಜ್ಜಿಯ ಬೊಗಸೆ ಗೊತ್ತಿಲ್ಲ. ಆದರೂ ಅವಳ ಪರವಾಗಿ ಸಾಕ್ಷಿ ಹೇಳಿದವನು ಅವನೇ. ಅವಳು ಕಾರ್ಡು ತಂದು ಇಂಗ್ಲಿಷಿನಲ್ಲಿ ಬರೆದಳು. ತಪ್ಪಿದ್ದರೆ ತಿದ್ದಿಕೊಡಲಿ ಎಂದು ರಾಯರ ಮುಂದೆ ಇಟ್ಟಳು.

ರಾಯರು ಕೆಂಪು ಪೆನ್ನು ತೆಗೆದು ಓದಿದರು. ‘ಮಾನ್ಯರೇ, ನಾನು ಮುಟ್ಟಿದರೆ ಕಂಪ್ಯೂಟರು ನಿಲ್ಲುತ್ತದೆಂದು ಕೆಲವರು ಹೇಳಿದರು. ಅದು ನಿಜವಲ್ಲ ಎಂದು ನೀವು ತೋರಿಸಿಕೊಟ್ಟಿರಿ. ನಿಮ್ಮ ಉಪಕಾರ ಮರೆಯುವುದಿಲ್ಲ.’

ಇನ್ನೊಮ್ಮೆ ಓದಿದರು. ಆಮೇಲೆ ‘ಕೆಲವರು’ ಎಂಬುದನ್ನು ಹೊಡೆದುಹಾಕಿ, ಅಲ್ಲಿ ‘ನನಗೆ ಕೆಲಸ ಕೊಟ್ಟವರು’ ಎಂದು ಬರೆದರು. ಅದೂ ಸಾಲದೆನಿಸಿತೋ ಏನೋ, ಕೆಳಗೆ ಉಳಿದ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಿದರು: ಹಾಗೆ ಹೇಳಿದವನು ನಾನು, ಹನ್ನೊಂದು ವಿದ್ಯಾರ್ಥಿಗಳ ಮುಂದೆ. ಸಹಿ ಮಾಡಿದರು.

“ಇದನ್ನ ಈಗ ಪೋಸ್ಟಿಗೆ ಹಾಕಬ್ಯಾಡ,” ಅಂದರು. “ನಾಳೆ ಹುಡುಗರು ಬರ್ತಾರ.”

ಮರುದಿನ ಹನ್ನೊಂದು ಜನರೂ ಪರೀಕ್ಷೆ ಮುಗಿದ ಸಂತೋಷಕ್ಕೆ ಪೇಢೆ ಹಿಡಿದುಕೊಂಡು ಬಂದರು. ರಾಯರು ಎದ್ದು ನಿಂತು ಆ ಕಾರ್ಡನ್ನು ಗಟ್ಟಿಯಾಗಿ ಓದಿದರು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ.