ಇನ್ನೊಂದು ಪೈಪು

ಕಂಬ ಹತ್ತಿದವನಿಗೆ ಕೆಳಗಿದ್ದವರು ಬುದ್ಧಿ ಹೇಳಬಾರದು ಎಂಬುದು ನನ್ನ ಹಠ. ಇಪ್ಪತ್ತು ವರ್ಷದಿಂದ ಆಂಟೆನಾ ಕೂರಿಸುತ್ತಿದ್ದೇನೆ, ನನಗೇ ಪಾಠವೇ? ಆದರೆ ಇದು ಒಬ್ಬನಿಂದ ಆಗುವ ಕೆಲಸವಲ್ಲ. ನದಿಯ ಮೇಲ್ಭಾಗದ ಗುಡ್ಡದಲ್ಲಿ ನೀರಿನ ಮಟ್ಟ ಅಳೆಯುವ ಪೆಟ್ಟಿಗೆ ಇದೆ. ಅದರ ಸುದ್ದಿ ಹತ್ತು ಕಿಲೋಮೀಟರ್ ಕೆಳಗಿನ ಪಂಪ್‌ಹೌಸಿಗೆ ಮುಟ್ಟಬೇಕು. ನೀರು ಏರಿದರೆ ಅಲ್ಲಿ ಸೈರನ್ ಕೂಗುತ್ತದೆ. ನಾನು ಗುಡ್ಡದ ಕಂಬದ ಮೇಲೆ ಆಂಟೆನಾವನ್ನು ಚೂರು ಚೂರೇ ತಿರುಗಿಸಬೇಕು, ಪಂಪ್‌ಹೌಸಿನಲ್ಲಿ ಕುಳಿತವರು ಸಿಗ್ನಲ್ಲಿನ ಅಂಕಿಯನ್ನು ಫೋನಿನಲ್ಲಿ ಓದಬೇಕು.

ಬೇಸಿಗೆಯಲ್ಲಿ ಓದಿದ್ದು ನನ್ನ ಭಾವ, ಅಕ್ಕನ ಗಂಡ, ಪಂಪ್‌ಹೌಸಿನ ಆಪರೇಟರ್. ಹಿಂದಿನ ದಿನ ನನ್ನ ಜೊತೆ ಪೈಪು ಹೊತ್ತು ಗುಡ್ಡ ಹತ್ತಿದ್ದರು. ಅಂಕಿ ಅರವತ್ತು ಎಂದರು. ಸಾಕು, ಬಿಗಿಯುತ್ತೇನೆ ಎಂದೆ.

"ಕಪಿರಾಯ, ಎದುರಿಗಿರೋ ಮರಗಳು ಈಗ ಬೋಳು. ಚಿಗುರಿದ್ರೆ ಅಡ್ಡ ಬರುತ್ತೆ. ಇನ್ನೊಂದು ಪೈಪು ಏರಿಸು," ಎಂದರು ಭಾವ.

ಪೈಪು ಕೆಳಗೇ ಬಿದ್ದಿತ್ತು. ಏರಿಸಬೇಕೆಂದರೆ ಆಂಟೆನಾ ಬಿಚ್ಚಿ, ಕಂಬ ಹಿಡಿದಿರುವ ಎಳೆತಂತಿಗಳನ್ನೆಲ್ಲ ಸಡಿಲಿಸಿ, ಮೊದಲಿನಿಂದ ಶುರು ಮಾಡಬೇಕು. ಬಿಸಿಲಿಗೆ ತಲೆ ಕೆಟ್ಟಿತ್ತು. ನಿಮ್ಮ ಮೋಟಾರು ನೀವು ನೋಡಿಕೊಳ್ಳಿ ಭಾವ, ಮರದ ಚಿಂತೆ ನನಗಿರಲಿ ಎಂದು ಬಿಗಿದು ಇಳಿದೆ. ಅವರು ನಕ್ಕರು. ಸಿಟ್ಟು ಮಾಡಿಕೊಳ್ಳುವ ಜಾಯಮಾನವೇ ಅಲ್ಲ ಅವರದು.

ಮರ ಚಿಗುರಿತು, ಮಳೆಯೂ ಬಂತು. ಒಂದು ಮಧ್ಯಾಹ್ನ ನದಿ ಏರಿತು, ಸೈರನ್ ಕೂಗಲಿಲ್ಲ. ಸೈರನ್ ಇದೆಯಲ್ಲ ಎಂಬ ಧೈರ್ಯದಲ್ಲಿ ಭಾವ ನದಿಗಿಳಿದು ಪಂಪಿನ ಬಾಯಿಗೆ ಸಿಕ್ಕಿದ್ದ ಕಸ ತೆಗೆಯುತ್ತಿದ್ದರು. ಮೂರನೆಯ ದಿನ ಹೆಣ ಸಿಕ್ಕಿತು. ಯಂತ್ರ ಮಳೆಗೆ ಕೈಕೊಟ್ಟಿತು ಎಂದು ಆಫೀಸಿನವರು ಬರೆದುಕೊಂಡರು. ನಾನೂ ಹೂಂಗುಟ್ಟಿದೆ. ಅಕ್ಕನ ಮುಂದೆ ನಿಜ ಹೇಳಲು ಎಷ್ಟೋ ಸಲ ಹೋದೆ, ನಾಲಿಗೆ ಏಳಲಿಲ್ಲ.

ಈಗ ಪಂಪ್‌ಹೌಸಿನಲ್ಲಿ ಭಾವನ ಕುರ್ಚಿಯಲ್ಲಿ ಅಕ್ಕ ಕೂರುತ್ತಾಳೆ. ಇವತ್ತು ನಾನು ಮತ್ತೆ ಅದೇ ಕಂಬ ಹತ್ತುವ ಮೊದಲು ಫೋನ್ ಮಾಡಿ, ಕೆಲಸ ಮುಗಿಸಿ ಮನೆಗೇ ಬಾ, ಊಟಕ್ಕೆ ಕಾಯುತ್ತೇನೆ ಎಂದಳು. ಅಂಕಿ ಎಷ್ಟಿದೆ ಎಂದು ಕೇಳಿದೆ. ಒಂಬತ್ತು ಎಂದಳು. ಅಲ್ಲೇ ತುಕ್ಕು ಹಿಡಿಯುತ್ತ ಬಿದ್ದಿದ್ದ ಪೈಪು ಏರಿಸಿ, ಎಳೆತಂತಿ ಬಿಗಿದು, ಆಂಟೆನಾ ಕೂರಿಸಿ ಮತ್ತೆ ಕೇಳಿದೆ. ಒಂದು ಗಂಟೆಯ ಕೆಲಸ, ಅಷ್ಟೇ.

"ಎಪ್ಪತ್ತೊಂದು," ಎಂದಳು. ಮತ್ತೆ ಕೇಳಿದಳು, "ಬರೀ ಒಂದು ಪೈಪಿಗಾ?"

ಕೇಬಲ್ಲೂ ಹೊಸದು ಎಂದು ಸುಳ್ಳು ಹೇಳಿದ್ದರೆ ನಂಬುತ್ತಿದ್ದಳು.

"ಭಾವ ಅವತ್ತೇ ಹೇಳಿದ್ರು ಅಕ್ಕ. ನಾನೇ ಹಾಕಲಿಲ್ಲ."

ಕಂಬ ತಬ್ಬಿಕೊಂಡು ಕಾದೆ. ಬಾಯಿಗೆ ಬಂದಂತೆ ಬೈದಿದ್ದರೆ ಸಾಕಿತ್ತು.

"ಎಪ್ಪತ್ತೊಂದೇ ಇದೆ. ನಟ್ಟು ಬಿಗಿ ಮಾಡು," ಎಂದಳು. ಆಮೇಲೆ, "ಊಟಕ್ಕೆ ಬರಬೇಡ."

ನಾಲ್ಕೂ ನಟ್ಟು ಬಿಗಿದೆ. ಇಳಿಯದೆ ಮತ್ತೆ ಮೊದಲನೆಯದರಿಂದ ಬಿಗಿಯತೊಡಗಿದೆ.