ರೆಡಿಮೇಡ್ ಪ್ಲೇಟಿನ ಮೇಲೆ

“ಇವತ್ತಿನ ಪ್ಲೇಟ್ ತೃಷಾ ಓಡಿಸಲಿ, ಪಂಕಜಾಕ್ಷಿ. ನೀವು ಸ್ಟ್ಯಾಂಡ್‌ಬೈ ಇರಿ.”

ಅಷ್ಟು ಹೇಳಿ ವಿಷ್ಣುಪ್ರಸಾದ ಸರ್ ತಮ್ಮ ಕ್ಯಾಬಿನ್ನಿಗೆ ನಡೆದುಬಿಟ್ಟರು. ಪಂಕಜಾಕ್ಷಿ ಒರೆಸುತ್ತಿದ್ದ ಗಾಜು ಕೈಯಲ್ಲೇ ಉಳಿಯಿತು. ಸ್ಟ್ಯಾಂಡ್‌ಬೈ! ಮುಳ್ಳೇರಿಯದ ಈ ಎಣ್ಣೆ ಪರೀಕ್ಷೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ದುಡಿದದ್ದಕ್ಕೆ ಸಿಕ್ಕಿದ ಬಿರುದು ನೋಡಿ. ಅಡೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದು, ಬೀಗ ತೆಗೆದು, ನೆಲ ಒರೆಸಿ, ಈಗ ಮೂಲೆಯಲ್ಲಿ ನಿಲ್ಲುವುದು.

ಹತ್ತೂವರೆಗೆ ತಿರುವನಂತಪುರದ ಹೆಡ್ಡಾಫೀಸಿನಿಂದ ಮೇಡಂ ಬರುವವರಿದ್ದರು. ಲ್ಯಾಬಿಗೆ ಒಂದೇ ಒಂದು ಪರ್ಮನೆಂಟ್ ಪೋಸ್ಟ್ ಮಂಜೂರಾಗಿತ್ತು. ಕೆಲಸ ನೋಡಿ, ಹೆಸರು ಬರೆದುಕೊಂಡು ಹೋಗುವುದು ಮೇಡಮ್ಮಿನ ಜವಾಬ್ದಾರಿ. ಎಣ್ಣೆ ಪರೀಕ್ಷೆಯ ಪ್ಲೇಟೇ ಓಡಿಸದವಳ ಯಾವ ಕೆಲಸವನ್ನು ಅವರು ನೋಡಿಯಾರು?

ತೃಷಾ ಬಂದು ಎಂಟು ತಿಂಗಳಾಗಿತ್ತಷ್ಟೆ. ಮಧೂರಿನ ಹುಡುಗಿ, ಎಂಎಸ್ಸಿ ಓದಿದವಳು. ಬಂದ ಹೊಸದರಲ್ಲಿ ಅವಳಿಗೆ ಒಂದು ಚುಕ್ಕಿ ಇಡಲೂ ಬರುತ್ತಿರಲಿಲ್ಲ. ಕೂದಲಿನಷ್ಟು ಸಪೂರದ ಗಾಜಿನ ಕೊಳವೆಯಲ್ಲಿ ಎಣ್ಣೆ ಹೀರಿ, ಬಿಳಿ ಪ್ಲೇಟಿನ ಕೆಳಗಿನ ಗೆರೆಯ ಮೇಲೆ ಸಾಸಿವೆಯಷ್ಟೇ ಚುಕ್ಕಿ ಇಡಬೇಕು. ಇವಳು ಇಟ್ಟರೆ ಗೋಲಿಯಷ್ಟು ಹರಡುತ್ತಿತ್ತು. ಪಂಕಜಾಕ್ಷಿ ಅವಳ ಹಿಂದೆ ನಿಂತು, ಆ ಕೈಯ ಮೇಲೆ ತನ್ನ ಕೈ ಇಟ್ಟು ಕಲಿಸಿದಳು. “ಪ್ಲೇಟಿನ ಅಂಚು ಹಿಡಿ ಮಾರಾಯ್ತಿ, ಮೈ ಮುಟ್ಟಬೇಡ. ನಮ್ಮ ಬೆರಳಲ್ಲೂ ಎಣ್ಣೆ ಉಂಟು” ಎಂದು ದಿನಕ್ಕೆ ಹತ್ತು ಸಲ ಹೇಳಿದಳು. ಕಲಿತ ಹುಡುಗಿ ಈಗ ಕಲಿಸಿದವಳ ಜಾಗಕ್ಕೇ ಬಂದು ಕೂತಳು.

ಎಲ್ಲ ಆ ರೆಡಿಮೇಡ್ ಪ್ಲೇಟಿನಿಂದ. ಪಂಕಜಾಕ್ಷಿ ಪ್ಲೇಟನ್ನು ತಾನೇ ಮಾಡುತ್ತಿದ್ದಳು. ಸಿಲಿಕಾ ಪುಡಿಯನ್ನು ನೀರಿನಲ್ಲಿ ಕದಡಿ, ನೀರುದೋಸೆ ಹಿಟ್ಟಿನ ಹದಕ್ಕೆ ತಂದು, ಗಾಜಿನ ಮೇಲೆ ಒಂದೇ ಸಲಕ್ಕೆ ಹರಡಿ ಒಣಗಿಸುವುದು. ಇಡೀ ಜಿಲ್ಲೆಯಲ್ಲಿ ಇಷ್ಟು ಸಮವಾಗಿ ಹರಡುವವರು ಬೇರೆ ಇಲ್ಲ ಎಂದು ಸರ್ ಬಾಯಲ್ಲೇ ಬಂದಿತ್ತು. ತೃಷಾ ಎಂತದೋ ಕ್ಯಾಟಲಾಗು ತೋರಿಸಿ ಅಲ್ಯೂಮಿನಿಯಂ ಹಾಳೆಗೆ ಅಂಟಿಸಿದ ಸಿಲಿಕಾ ತರಿಸಿದ್ದೇ ತಡ, ಸರ್ ಮಗುವಿನ ಹಾಗೆ ಖುಷಿಪಟ್ಟರು. ಕತ್ತರಿಯಲ್ಲಿ ಕತ್ತರಿಸಿದರೆ ಪ್ಲೇಟ್! ಹೊಸ ನೀರು ಬಂದು ಹಳೆ ನೀರು ಕೊಚ್ಚಿಕೊಂಡು ಹೋಯಿತು.

“ಹೊಟ್ಟೆಕಿಚ್ಚು ಮಾಡಬೇಡ. ಅವಳು ನಿನ್ನ ಶಿಷ್ಯೆ ಅಲ್ವಾ?” ಎಂದು ಹಿಂದಿನ ಸಂಜೆ ಗಂಡ ಯೋಗೀಶ್ ಹೇಳಿದ್ದ. ಹೇಳುವುದಕ್ಕೆ ಅವನಿಗೆ ಎಂತ? ಉರಿಯುವುದು ಅವನ ಹೊಟ್ಟೆ ಅಲ್ಲವಲ್ಲ.

“ಪಂಕಜಕ್ಕ, ಚುಕ್ಕಿ ಸರಿ ಉಂಟಾ ಒಮ್ಮೆ ನೋಡಿ” ಎಂದು ತೃಷಾ ಕರೆದಳು.

ಸಾಲಾಗಿ ನಾಲ್ಕು ಎಣ್ಣೆಯ ನಾಲ್ಕು ಚುಕ್ಕಿ, ಸಾಸಿವೆಗಿಂತಲೂ ಸಣ್ಣದು. ಕೆಳಗಿನ ಮೂಲೆಯಲ್ಲಿ ಪೆನ್ಸಿಲಿನಿಂದ ‘ತೃ’ ಎಂದು ಬರೆದಿದ್ದಳು. ಪ್ಲೇಟ್ ಓಡಿಸಿದವರು ಹೆಸರಿನ ಮೊದಲಕ್ಷರ ಬರೆಯುವುದು ಆ ಲ್ಯಾಬಿನ ಕ್ರಮ. ಕಪಾಟಿನೊಳಗಿನ ಹಳೆಯ ಪ್ಲೇಟುಗಳಲ್ಲೆಲ್ಲ ಇದ್ದದ್ದು ‘ಪಂ’ ಒಂದೇ.

“ನಾನೆಂತ ನೋಡುವುದು? ನೀನು ಈಗ ದೊಡ್ಡ ಜನ” ಎಂದಳು ಪಂಕಜಾಕ್ಷಿ.

ತೃಷಾಳ ಮುಖ ಸಣ್ಣದಾಯಿತು. ಅವಳು ಪ್ಲೇಟನ್ನು ದ್ರಾವಕದ ಜಾಡಿಯೊಳಗೆ ನಿಲ್ಲಿಸಿ ಮುಚ್ಚಳ ಹಾಕಿದಳು. ದ್ರಾವಕ ಬಿಳಿ ಸಿಲಿಕಾದಲ್ಲಿ ಮೆಲ್ಲಗೆ ಮೇಲೇರುತ್ತ ಎಣ್ಣೆಯೊಳಗಿನ ಕೊಬ್ಬುಗಳನ್ನು ಬೇರೆ ಬೇರೆ ಮಾಡುತ್ತದೆ. ಒಳ್ಳೆಯ ತೆಂಗಿನೆಣ್ಣೆಯದು ಹೆಚ್ಚುಕಡಿಮೆ ಎಲ್ಲವೂ ಮೇಲೆ ಹೋಗಿ ನಿಲ್ಲುತ್ತದೆ. ಕಮಟು ಹಿಡಿದದ್ದಾದರೆ ನಡುವೆಯೂ ಒಂದು ಕಲೆ ಉಳಿಯುತ್ತದೆ. ಆದರೆ ಅಯೋಡಿನ್ ಹೊಗೆ ತಾಗಿ ಎಣ್ಣೆ ಇದ್ದಲ್ಲೆಲ್ಲ ಕಂದು ಬಣ್ಣ ಏಳುವವರೆಗೆ ಕಣ್ಣಿಗೆ ಎಂಥದೂ ಕಾಣುವುದಿಲ್ಲ.

ಮುಕ್ಕಾಲು ಗಂಟೆಯ ಮೇಲೆ ತೃಷಾ ಪ್ಲೇಟನ್ನು ಹೊರತೆಗೆದು ಕಿಟಕಿಯ ಬಳಿ ಒಣಗಲು ಇಟ್ಟಳು. ಗೇಟಿನಲ್ಲಿ ಕಾರು ನಿಂತ ಸದ್ದಾಯಿತು. “ಅಕ್ಕ, ಸ್ವಲ್ಪ ನೋಡ್ಕೊಳ್ಳಿ” ಎಂದು ಅವಳು ಸರ್ ಅವರನ್ನು ಕರೆಯಲು ಓಡಿದಳು.

ಪಂಕಜಾಕ್ಷಿ ಪ್ಲೇಟಿನ ಎದುರು ಒಬ್ಬಳೇ ನಿಂತಳು. ಮುಖಕ್ಕೆ ಬಿದ್ದಿದ್ದ ಕೂದಲನ್ನು ಹಿಂದೆ ಸರಿಸಿದಳು. ಬೆಳಿಗ್ಗೆ ತಲೆಗೆ ಹಾಕಿದ ಎಣ್ಣೆ ಹೆಬ್ಬೆರಳಿಗೆ ಹತ್ತಿತು. ಮರುಕ್ಷಣ ಆ ಬೆರಳನ್ನು ಪ್ಲೇಟಿನ ನಡುವೆ ಒತ್ತಿ ತೆಗೆದಳು. ತನ್ನ ಕೈಯಾರೆ ಮಾಡಿದ ಪ್ಲೇಟಾಗಿದ್ದರೆ ಪುಡಿ ಉದುರಿ ಅಲ್ಲೇ ಹೊಂಡ ಬೀಳುತ್ತಿತ್ತು. ಇದು ಏನೂ ಆಗದ ಹಾಗೆ ಬೆಳ್ಳಗೇ ಇತ್ತು. ಹೊಗೆ ತಾಗಿದಾಗ ಒಂದು ಕೊಳಕು ಮಚ್ಚೆ ಏಳುತ್ತದೆ, ಹುಡುಗಿಯ ಕೈ ಶುದ್ಧ ಇಲ್ಲ ಎಂದು ಎಲ್ಲರೂ ತಿಳಿಯುತ್ತಾರೆ, ಅಷ್ಟು ಸಾಕು.

ಸರ್ ಬಂದರು, ಮೇಡಂ ಬಂದರು. ತೃಷಾ ಪ್ಲೇಟನ್ನು ಅಯೋಡಿನ್ ಜಾಡಿಗೆ ಇಳಿಸಿದಳು. ಮೂವರೂ ಬಗ್ಗಿ ನೋಡಿದರು. ಮೇಲ್ಗಡೆ ಕಂದು ಕಲೆಗಳು ಒಂದೊಂದಾಗಿ ಎದ್ದವು, ಕಮಟು ಹಿಡಿದಿದ್ದ ಒಂದು ಎಣ್ಣೆಯ ಸಾಲಿನಲ್ಲಿ ನಡುವೆಯೂ ಒಂದು. ಮೇಡಂ ತಲೆದೂಗಿದರು. ಆಮೇಲೆ ಪ್ಲೇಟಿನ ನಡುವೆ ಹೆಬ್ಬೆರಳು ಎದ್ದಿತು.

ಮಚ್ಚೆಯಲ್ಲ. ಬೆರಳಿನ ಒಂದೊಂದು ಗೆರೆಯೂ ಬರೆದಿಟ್ಟ ಹಾಗೆ ಕಾಣುತ್ತಿತ್ತು. ಅದರ ಮೇಲೆ ಓರೆಯಾಗಿ ಒಂದು ಬಿಳಿ ಗೀರು. ಪಂಕಜಾಕ್ಷಿ ಒಂಬತ್ತು ವರ್ಷದವಳಿದ್ದಾಗ ಹಲಸಿನಕಾಯಿ ಹೆಚ್ಚುತ್ತ ಮೆಟ್ಟುಗತ್ತಿ ತಾಗಿದ ಗಾಯದ ಗುರುತು. ಅವಳ ಪುಡಿಪುಡಿ ಪ್ಲೇಟುಗಳು ಯಾರ ಬೆರಳನ್ನೂ ಹೀಗೆ ಹಿಡಿದಿಟ್ಟದ್ದಿಲ್ಲ. ರೆಡಿಮೇಡಿನ ಗುಣ ಅವಳಿಗೆ ಗೊತ್ತಿರಲಿಲ್ಲ. ಪಂಕಜಾಕ್ಷಿ ಕೈಯನ್ನು ಕೋಟಿನ ಜೇಬಿಗೆ ತುರುಕಿದಳು.

“ಇದೆಂತ ತೃಷಾ? ಬೆರಳು ತಾಗಿಸಿದ್ದಾ?” ಸರ್ ಧ್ವನಿ ಏರಿತು.

ತೃಷಾ ಆ ಬಿಳಿ ಗೀರನ್ನು ನೋಡಿದಳು. ನಂತರ ಪಂಕಜಾಕ್ಷಿಯ ಕೋಟಿನ ಜೇಬನ್ನು ನೋಡಿದಳು.

“ಹೌದು ಸರ್. ಗಡಿಬಿಡಿಯಲ್ಲಿ ತಾಗಿತು.”

“ಛೆ! ಇವತ್ತೇ ಆಗಬೇಕಾ ಇದು? ಪಂಕಜಾಕ್ಷಿ, ನಿಮ್ಮ ಪ್ಲೇಟ್ ಒಂದು ಓಡಿಸಿ. ನಾವು ಚಾ ಕುಡಿದು ಬರ್ತೇವೆ. ಇದಕ್ಕೂ ಗುರುತು ಹಾಕಿಡಿ, ರೆಕಾರ್ಡಿಗೆ ಬೇಕು.”

ಅವರು ಹೊರಗೆ ಹೋದರು. ಪಂಕಜಾಕ್ಷಿಗೆ ಬೇಕಾದದ್ದು ಕೈಗೆ ಬಂದಿತ್ತು. ಸಂತೋಷ ಮಾತ್ರ ಹತ್ತಿರ ಸುಳಿಯಲಿಲ್ಲ. ಈ ಹುಡುಗಿಯ ಪ್ಲೇಟಿನ ಮೇಲೆ, ಓದಿನ ಮೇಲೆ ಇದ್ದ ಹೊಟ್ಟೆಕಿಚ್ಚು ಈಗ ಅವಳು ಆಡಿದ ಆ ಒಂದು ಮಾತಿನ ಮೇಲೂ ಹತ್ತಿ ಉರಿಯಿತು. ಹಾಗೆ ಹೇಳಲು ತನ್ನಿಂದ ಸಾಯುವವರೆಗೂ ಆಗುತ್ತಿರಲಿಲ್ಲ.

“ಯಾಕೆ ಹಾಗೆ ಹೇಳಿದ್ದು?”

“ಎಂಟು ತಿಂಗಳು ನನ್ನ ಕೈಯ ಮೇಲೆ ಇದ್ದ ಬೆರಳು ಅದು. ನಂಗೆ ಗುರ್ತ ಸಿಗ್ಲಿಕ್ಕಿಲ್ವಾ?” ತೃಷಾ ಅಯೋಡಿನ್ ಜಾಡಿಯ ಮುಚ್ಚಳ ತೆಗೆದಳು. “ನಿಮ್ಮ ಹೆಸರು ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ, ಅಷ್ಟೆ. ಕ್ಷಮಿಸಿದ್ದೇನೆ ಅಂತ ತಿಳ್ಕೊಳ್ಬೇಡಿ.”

ಅವಳು ಪ್ಲೇಟನ್ನು ಜಾಡಿಯಿಂದ ತೆಗೆದು ಮೇಜಿನ ಮೇಲಿಟ್ಟಳು, ಪಕ್ಕದಲ್ಲಿ ಪೆನ್ಸಿಲ್ ಇಟ್ಟಳು. ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟಳು. ತೊಳೆಯಲು ಅಲ್ಲಿ ಏನೂ ಇರಲಿಲ್ಲ.

ಅಯೋಡಿನ್ನಿನ ಬಣ್ಣ ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದು ಮಾತ್ರ ಉಳಿಯುತ್ತದೆ. ಪಂಕಜಾಕ್ಷಿ ಕಲೆಗಳಿಗೆ ಒಂದೊಂದಾಗಿ ಸುತ್ತು ಹಾಕಿದಳು. ಕೊನೆಗೆ ಹೆಬ್ಬೆರಳು ಉಳಿಯಿತು. ಅದು ಆಗಲೇ ಮಾಸತೊಡಗಿತ್ತು. ಇನ್ನು ಐದು ನಿಮಿಷ ಸುಮ್ಮನಿದ್ದರೆ ಪ್ಲೇಟ್ ಮೊದಲಿನ ಹಾಗೆ ಬೆಳ್ಳಗಾಗುತ್ತದೆ. ವರಾಂಡದಲ್ಲಿ ಚಾದ ಲೋಟಗಳ ಸದ್ದು, ಸರ್ ನಗು. “ಪಂಕಜಾಕ್ಷಿ ನಮ್ಮ ಹಳೇ ಕೈ, ಮೇಡಂ” ಎನ್ನುತ್ತಿದ್ದರು.

ಅವಳು ಹೆಬ್ಬೆರಳಿನ ಸುತ್ತ ಗೆರೆ ಎಳೆದಳು. ಬಿಳಿ ಗೀರು ಇದ್ದಲ್ಲಿ ಓರೆಯಾಗಿ ಇನ್ನೊಂದು ಗೆರೆ ಎಳೆದಳು. ಅದರ ಪಕ್ಕದಲ್ಲಿ ಹದಿನಾಲ್ಕು ವರ್ಷ ಬರೆದ ಅದೇ ಕೈಬರಹದಲ್ಲಿ ‘ಪಂ’ ಎಂದು ಬರೆದಳು.

ನಲ್ಲಿಯ ಸದ್ದು ನಿಂತಿತು. ಪಂಕಜಾಕ್ಷಿ ತಿರುಗಿ ನೋಡಲಿಲ್ಲ. ಪ್ಲೇಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮೈ ಮುಟ್ಟದೆ, ಅಂಚನ್ನಷ್ಟೇ ಹಿಡಿದು, ವರಾಂಡದ ಕಡೆ ನಡೆದಳು.